ಮೂರನೆಯ ಪಾಸ್

"ಟೂ ಬದಾಮ್!"

ಗದಗಿನ ನಮ್ಮ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಈ ಕೂಗು ಎದ್ದಿತೆಂದರೆ ತಲೆಯ ಮೇಲೆ ನರಳುತ್ತಿದ್ದ ಫ್ಯಾನು, ಹೊರಗೆ ಗುಡುಗುಡಿಸುತ್ತಿದ್ದ ಟಂಟಂ ಗಾಡಿ, ಎರಡೂ ಒಂದು ಕ್ಷಣ ತೆಪ್ಪಗಾದಂತೆ ಅನಿಸುತ್ತಿತ್ತು. ಟೂ ಹಾರ್ಟ್ಸ್ ಅನ್ನಬೇಕು. ಬ್ರಿಡ್ಜ್ ಆಟದ ಶಿಸ್ತು ಅದು. ಇಸ್ಪೀಟಿನ ಕೆಂಪು ಹೃದಯಕ್ಕೆ ನಮ್ಮ ಕಡೆ ಬದಾಮ ಎಂದು ಹೆಸರು. ಹಾಗೆ ಕೂಗುವ ಸರೋಜಕ್ಕ ಅಂಕಿಯನ್ನು ಇಂಗ್ಲಿಷಿಗೆ ಬಿಟ್ಟುಕೊಟ್ಟು, ಉಳಿದದ್ದನ್ನು ಲಕ್ಷ್ಮೇಶ್ವರಕ್ಕೆ ಇಟ್ಟುಕೊಂಡಿದ್ದಳು. ನಾನು ತಿದ್ದಲು ಹೋದರೆ, "ಆಡಾಕ ಬಂದೀನೇ ಮಾಲೂ, ನಿಮ್ಮ ಕಾನ್ವೆಂಟಿನ ಪರೀಕ್ಷಾ ಬರಿಯಾಕ ಬಂದಿಲ್ಲ" ಅನ್ನುತ್ತಿದ್ದಳು. ಅದನ್ನೂ ಅದೇ ಎತ್ತರದ ದನಿಯಲ್ಲಿ.

ಆಕೆಗಿದ್ದುದು ಒಂದೇ ದನಿ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಮೈದಾನದ ಈ ತುದಿಯಲ್ಲಿ ನಿಂತು "ಸಾವಧಾನ್" ಅಂದರೆ ಆ ತುದಿಯ ಹುಡುಗಿಯರಷ್ಟೇ ಅಲ್ಲ, ಗೋಡೆಯಾಚೆ ಸೈಕಲ್ಲಿನ ಮೇಲೆ ಹೋಗುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ರಿಟೈರ್ ಆದ ಮೇಲೆ ಮೈದಾನ ಹೋಯಿತು, ದನಿ ಉಳಿಯಿತು. ಆ ದನಿಯನ್ನು ಹೊತ್ತುಕೊಂಡು ಪ್ರತಿ ವಾರ ಮುಳಗುಂದದ ಮೇಲಿಂದ ಬರುವ ಬಸ್ಸು ಹಿಡಿದು ಗದಗಿಗೆ ಬಂದು ನನ್ನ ಎದುರಿಗೆ, ನನ್ನ ಪಾರ್ಟ್ನರ್ ಆಗಿ, ಕೂರುತ್ತಿದ್ದಳು.

ನನ್ನದು ಬೇರೆಯೇ ತಳಿ. ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಅಲ್ಲಿ ಒಬ್ಬ ಐರಿಷ್ ಸಿಸ್ಟರ್ ಇದ್ದರು, ಡಾರ್ಮಿಟರಿಯಲ್ಲಿ ಗುಸುಗುಸು ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು "ವಿಶ್ಟ್!" ಅನ್ನುತ್ತಿದ್ದರು. ಬಾಯಿ ಮುಚ್ಚಿ ಎಂದು ಅರ್ಥ. ಬ್ರಿಡ್ಜಿನ ಅಜ್ಜಿಯಾದ ವಿಸ್ಟ್ ಎಂಬ ಆಟಕ್ಕೂ ಆ ಹೆಸರು ಬಂದದ್ದು ಅದೇ ಕಾರಣಕ್ಕೆ ಎಂದು ಕೆಲವರು ಹೇಳುತ್ತಾರೆ. ಸುಳ್ಳಿರಬಹುದು, ಆದರೆ ಚೆಂದದ ಸುಳ್ಳು. ಹೀಗೆ ಪಿಸುಮಾತಿನಲ್ಲಿ ಬೆಳೆದ ನಾನು, ಬೆಟಗೇರಿಯಲ್ಲಿ ಛಾಪಖಾನೆ ಇಟ್ಟಿದ್ದ ಗಂಡನ ಕೈಹಿಡಿದು ಬಂದು, ಅವರ ಇಸ್ಪೀಟಿನ ಚಟವನ್ನು ಮೊದಲು ಬೈದು, ಆಮೇಲೆ ಕಲಿತು, ಅವರು ಹೋದ ಮೇಲೆ ಅದನ್ನೇ ಹಿಡಿದುಕೊಂಡು ಕುಳಿತವಳು.

ಬ್ರಿಡ್ಜ್ ಗೊತ್ತಿಲ್ಲದವರು ಹೆದರಬೇಡಿ. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಎಲೆ ಆಡುವ ಮೊದಲು ನಾಲ್ವರೂ ಸರದಿಯ ಮೇಲೆ ಸವಾಲು ಹಾಕುತ್ತಾರೆ: ಹದಿಮೂರು ಸುತ್ತಿನಲ್ಲಿ ಇಷ್ಟು ಪಟ್ಟು ಗೆಲ್ಲುತ್ತೇವೆ, ಈ ಬಣ್ಣದಲ್ಲಿ ಗೆಲ್ಲುತ್ತೇವೆ ಎಂದು. ಅದೇ ಬಿಡ್ಡಿಂಗ್. ಅದಕ್ಕೆ ಇರುವ ಶಬ್ದಗಳು ಹದಿನೈದು ಮಾತ್ರ. ನಿಮ್ಮ ಕೈಯಲ್ಲಿರುವ ಸಿರಿತನ, ಬಡತನ, ಆಸೆ, ಅನುಮಾನ ಎಲ್ಲವನ್ನೂ ಅಷ್ಟರಲ್ಲೇ ಪಾರ್ಟ್ನರಿಗೆ ಹೇಳಬೇಕು. ಇಷ್ಟವಿಲ್ಲದಿದ್ದರೆ ಪಾಸ್. ಒಬ್ಬರು ಸವಾಲು ಹಾಕಿದ ಮೇಲೆ ಉಳಿದ ಮೂವರೂ ಪಾಸ್ ಅಂದರೆ ಮಾತ್ರ ಬಿಡ್ಡಿಂಗ್ ಮುಗಿಯಿತು. ಇಬ್ಬರು ಪಾಸ್ ಅಂದರೆ ಸಾಲದು. ಮೂರನೆಯವರು ಬಾಯಿ ಬಿಡುವ ತನಕ ಎಲ್ಲವೂ ತೂಗುಯ್ಯಾಲೆ.

ಮುಖ್ಯ ಕಾನೂನು ಇನ್ನೊಂದಿದೆ. ಶಬ್ದವಷ್ಟೇ ಮಾತಾಡಬೇಕು, ಸ್ವರ ಮಾತಾಡಬಾರದು. ನಿಟ್ಟುಸಿರು, ಹುಬ್ಬು, ತಡೆದು ತಡೆದು ಹೇಳುವುದು, ಎಲ್ಲ ನಿಷಿದ್ಧ. ಸರೋಜಕ್ಕ ಈ ವಿಷಯದಲ್ಲಿ ಸಂತಳು. ಕೈತುಂಬ ರಾಜ ರಾಣಿ ಇದ್ದರೂ ಬರೀ ದುರ್ರಿ ತಿರ್ರಿ ಇದ್ದರೂ ಅದೇ ಸಾವಧಾನ್ ದನಿ. ನಾನೋ, ಕಾನ್ವೆಂಟಿನ ಪ್ರಾಡಕ್ಟ್. ನನ್ನ ಇಡೀ ಶಿಕ್ಷಣವೇ ಟೋನ್. ಸರೋಜಕ್ಕ ನನ್ನ ಪಾಸುಗಳನ್ನು ಕ್ಲಬ್ಬಿನವರೆಲ್ಲರ ಎದುರಿಗೇ ವಿಂಗಡಿಸಿಟ್ಟಿದ್ದಳು. "ನಮ್ಮ ಮಾಲೂನ ಪಾಸ್ ನಾಕು ನಮೂನಿ ಅದಾವ್ರಿ. ಮೊದಲನೇದು, ನನ್ನ ಕೈಯಾಗ ಏನೂ ಇಲ್ಲ. ಎರಡನೇದು, ಐತಿ, ಆದ್ರ ಅಂಜಿಕಿ. ಮೂರನೇದು, ಸರೋಜಕ್ಕಾ ನಿನಗ ಹುಚ್ಚು ಹಿಡದೈತಿ. ನಾಕನೇದು, ಚಾ ಬಂತು." ಎಲ್ಲರೂ ನಕ್ಕರು. ನಾನೂ ನಕ್ಕೆ, ಎರಡನೆಯ ನಮೂನೆಯ ನಗು.

ನಮ್ಮದು ನಾಲ್ವರ ಟೀಮು. ನಾನು ಗದಗ-ಬೆಟಗೇರಿ, ಆಕೆ ಲಕ್ಷ್ಮೇಶ್ವರ. ಇನ್ನೊಂದು ಜೋಡಿ ಮುಂಡರಗಿಯ ಡಾಕ್ಟರು ಮತ್ತು ಶಿರಹಟ್ಟಿಯ ವಕೀಲರು. ಟೀಮ್ ಆಟದ ಸೊಗಸು ಎಂದರೆ, ಅದು ಎರಡು ಕೋಣೆಗಳಲ್ಲಿ ನಡೆಯುತ್ತದೆ. ಇಲ್ಲಿ ನಮಗೆ ಬಂದ ಎಲೆಗಳೇ ಆ ಕೋಣೆಯಲ್ಲಿ ಎದುರಾಳಿ ಟೀಮಿನ ಇನ್ನೊಂದು ಜೋಡಿಗೆ. ಇಲ್ಲಿ ನಮ್ಮ ಎದುರಾಳಿಗಳಿಗೆ ಬಂದ ಎಲೆಗಳೇ ಅಲ್ಲಿ ನಮ್ಮ ಡಾಕ್ಟರು, ವಕೀಲರಿಗೆ. ಕೊನೆಗೆ ಎರಡನ್ನೂ ಹೋಲಿಸುವುದು. ಕೆಟ್ಟ ಎಲೆ ಬಂತೆಂದು ದೇವರನ್ನು ಬೈಯುವ ಹಾಗಿಲ್ಲ, ಅದೇ ಕೆಟ್ಟ ಎಲೆ ಇನ್ನೊಬ್ಬರಿಗೂ ಬಂದಿದೆ. ಅವರೇನು ಮಾಡಿದರು ಎಂಬುದಷ್ಟೇ ಪ್ರಶ್ನೆ. ಆಟ ಮುಗಿದೊಡನೆ ಸರೋಜಕ್ಕ ಕುರ್ಚಿ ಹಿಂದಕ್ಕೆ ನೂಕಿ ಕೂಗುತ್ತಿದ್ದಳು: "ಆ ಕೋಣ್ಯಾಗ ಏನಾತ್ರಿ?"

ಬಿಡ್ಡಿಂಗಿನಲ್ಲಿ ಆಕೆಯ ಧರ್ಮ ಒಂದೇ. ಟೀಮ್ ಆಟದಲ್ಲಿ ಗೇಮ್ ಕಣ್ಣಿಗೆ ಕಂಡರೆ ಬಿಡಬಾರದು. ಗೇಮ್ ಎಂದರೆ ದೊಡ್ಡ ಸವಾಲು; ಗೆದ್ದರೆ ದೊಡ್ಡ ಇನಾಮು. ಅದರಲ್ಲೂ ನೀವು ವಲ್ನರೆಬಲ್ ಇದ್ದಾಗ, ಅಂದರೆ ಬಿದ್ದರೆ ಪೆಟ್ಟು ಹೆಚ್ಚು ಎನ್ನುವ ಸರದಿಯಲ್ಲಿ, ಇನಾಮೂ ಇನ್ನಷ್ಟು ದೊಡ್ಡದು. ಲೆಕ್ಕ ಹಾಕಿದರೆ, ಗೆಲ್ಲುವ ಸಂಭವ ಅರ್ಧಕ್ಕಿಂತ ಕಡಿಮೆ ಇದ್ದರೂ ಸವಾಲು ಹಾಕುವುದೇ ಲಾಭ. ಪುಸ್ತಕ ಓದಿದವರಿಗೆಲ್ಲ ಇದು ಗೊತ್ತು. ಗೊತ್ತಿರುವುದು ಬೇರೆ, ಬಾಯಿಗೆ ಬರುವುದು ಬೇರೆ.

ಹುಬ್ಬಳ್ಳಿಯ ಒಂದು ಟೂರ್ನಮೆಂಟಿನಲ್ಲಿ ಆಕೆ "ಥ್ರೀ ಬದಾಮ್" ಅಂದಳು. ಇನ್ನೊಂದು ಮೆಟ್ಟಲು ಹತ್ತಿ ಫೋರ್ ಅನ್ನು, ಅದೇ ಗೇಮ್ ಎಂದು ಕರೆದದ್ದು. ನಾನು ನನ್ನ ಎಲೆ ನೋಡಿದೆ, ಸೀಲಿಂಗ್ ನೋಡಿದೆ, ಪಾಸ್ ಅಂದೆ. ಆಡಿದಾಗ ಹತ್ತು ಪಟ್ಟೂ ಬಂದವು, ಗೇಮಿಗೆ ಬೇಕಾದಷ್ಟೇ. ಆ ಕೋಣೆಯವರು ಧೈರ್ಯ ಮಾಡಿ ಗೇಮ್ ಹೇಳಿ ಗೆದ್ದಿದ್ದರು. ಡಾಕ್ಟರ ಕಾರಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಪರೇಡು.

"ಅರ್ಧಾ ಚಾನ್ಸೂ ಇರಲಿಲ್ಲ ಸರೋಜಕ್ಕಾ" ಎಂದೆ.

"ಅರ್ಧಾ ಯಾಕ ಬೇಕಲೇ? ಇದ್ದಷ್ಟು ಸಾಕು. ಕುಂತು ಸಾಯೂದಕಿಂತ ಎದ್ದು ಬೀಳೂದು ಚಲೋ."

"ಅಕ್ಕಾರು ಜಜ್ಜ್‌ಮೆಂಟ್ ಕೊಟ್ರು" ಎಂದರು ಮುಂದಿನ ಸೀಟಿನಿಂದ ವಕೀಲರು.

ಆಮೇಲೆ ಆ ದನಿ ಒಡೆಯತೊಡಗಿತು. ಮೊದಲು ನೆಗಡಿ ಅಂದಳು, ಆಮೇಲೆ ಧೂಳು ಅಂದಳು, ಜೋಳದ ಸುಗ್ಗಿ ಅಂದಳು. ಡಾಕ್ಟರು ಒಂದು ಭಾನುವಾರ ಎಲೆ ಕೆಳಗಿಟ್ಟು, ಕಿಟಕಿಯ ಬೆಳಕಿಗೆ ಆಕೆಯ ಬಾಯಿ ತೆರೆಸಿ ನೋಡಿ, ಮತ್ತೆ ಕುಳಿತು ಆಡಿದರು. ಆ ದಿನ ಅವರು ಒಂದೂ ಸವಾಲು ಹಾಕಲಿಲ್ಲ. ತಿಂಗಳು ಕಳೆಯುವುದರೊಳಗೆ ಆಪರೇಶನ್ ಆಯಿತು. ಗಂಟಲಿನ ಗಂಟಿನ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದುಬಿಟ್ಟರು. ಕುತ್ತಿಗೆಯ ಕೆಳಗೆ ಉಸಿರಿಗೆ ಒಂದು ತೂತು, ಅದರ ಮೇಲೊಂದು ಕರ್ಚೀಫು, ಕೈಯಲ್ಲಿ ಮಕ್ಕಳ ಪಾಟಿ ಮತ್ತು ಬಳಪ.

ಆಟ ಮುಗಿಯಿತು ಎಂದುಕೊಂಡೆವು. ನಮ್ಮ ಕ್ಲಬ್ಬಿನಲ್ಲಿ ಇನ್ನೂ ಬಾಯಲ್ಲೇ ಸವಾಲು. ದೊಡ್ಡ ಊರುಗಳಲ್ಲಿ ಎಂದೋ ಬಿಡ್ಡಿಂಗ್ ಬಾಕ್ಸ್ ಬಂದಿದೆ: ಆ ಹದಿನೈದು ಶಬ್ದಗಳಿಂದ ಆಗುವ ಸವಾಲುಗಳನ್ನೆಲ್ಲ ಅಚ್ಚು ಹಾಕಿ ಸಾಲಾಗಿ ಜೋಡಿಸಿಟ್ಟ ಸಣ್ಣ ಡಬ್ಬಿ. ಬಾಯಿ ತೆರೆಯಬೇಕಿಲ್ಲ, ಕಾರ್ಡು ತೆಗೆದು ಮೇಜಿನ ಮೇಲಿಟ್ಟರೆ ಆಯಿತು. ಪಾಸಿಗೆ ಹಸಿರು ಕಾರ್ಡು. ನನ್ನಂಥವರ ಸ್ವರಕ್ಕೆ ಬೀಗ ಹಾಕಲೆಂದೇ ಹುಟ್ಟಿದ್ದು. ಡಾಕ್ಟರು ನಾಲ್ಕು ಡಬ್ಬಿ ತರಿಸಿದರು. ಸರೋಜಕ್ಕ ವಾಪಸು ಬಂದ ಭಾನುವಾರ ಮೊದಲ ಕಾರ್ಡನ್ನು ಮೇಜಿನ ಮೇಲೆ ಎಂಥ ಏಟು ಹಾಕಿ ಇಟ್ಟಳೆಂದರೆ ಚಹಾದ ಕಪ್ಪುಗಳು ಬಸಿಯಲ್ಲಿ ಕುಣಿದವು. ಎರಡು ಹಾರ್ಟ್ಸ್. ನನಗೆ ಬದಾಮ್ ಎಂದೇ ಕೇಳಿಸಿತು. ಎಲೆ ಕಾಣದಂತೆ ಕಣ್ಣು ಮಂಜಾಯಿತು. ಅದನ್ನೂ ಕಾನೂನು ನಿಷೇಧಿಸಬೇಕಿತ್ತು.

ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆ ಆಡಿದೆವು. ಆಮೇಲೆ ರೋಗ ಮರಳಿ ಬಂತು.

ಇನ್ನೊಂದು ಆಪರೇಶನ್ ಮಾಡಬಹುದು ಎಂದರು ಹುಬ್ಬಳ್ಳಿಯ ಆಸ್ಪತ್ರೆಯವರು. ಮಾಡಿದರೆ ನುಂಗುವುದು ನಿಲ್ಲುತ್ತದೆ, ಹೊಟ್ಟೆಗೆ ನಳಿಗೆಯಲ್ಲೇ ಅನ್ನ. ಉಳಿಯುವ ಸಂಭವ ಅರ್ಧಕ್ಕಿಂತ ಕಡಿಮೆ. ಮದುವೆಯಾಗದ ಸರೋಜಕ್ಕ ತಮ್ಮನ ಮನೆಯಲ್ಲಿದ್ದಳು. ತಮ್ಮ ನನಗೆ ಫೋನು ಮಾಡಿದ: "ನಾವು ಹೇಳಿದ್ರ ಕೇಳೂದಿಲ್ಲರಿ ಬಾಯಾರ. ನಿಮ್ಮನ್ನ ಕರ್ಯಾಕ ಹತ್ಯಾಳ. ನಾಕೂ ಮಂದಿ ಕೂಡಬೇಕಂತ."

ಲಕ್ಷ್ಮೇಶ್ವರದ ಆ ಮನೆಯ ಪಡಸಾಲೆಯಲ್ಲಿ ನಾವು ಮೂವರೂ ಕುಳಿತೆವು. ಬಾಗಿಲ ಪಕ್ಕದಲ್ಲಿ ಆಸ್ಪತ್ರೆಗೆಂದು ತುಂಬಿಟ್ಟ ಚೀಲ. ಟವೆಲು, ಥರ್ಮಾಸು, ಎರಡು ಸೀರೆ. ಮಂಚದ ಮೇಲಿನಿಂದ ಆಕೆಗೆ ಎದುರಿಗೇ ಕಾಣುವಂತೆ. ಸರೋಜಕ್ಕ ಪಾಟಿಯ ಮೇಲೆ ಬರೆದು ಎತ್ತಿ ತೋರಿಸಿದಳು: ಆಪರೇಶನ್ ಬ್ಯಾಡ. ಮನ್ಯಾಗ ಇರ್ತೀನಿ. ಅದು ಆಕೆಯ ಸವಾಲು. ಆಮೇಲೆ ದಿಂಬಿನ ಕೆಳಗಿನಿಂದ ಬಿಡ್ಡಿಂಗ್ ಡಬ್ಬಿ ತೆಗೆದು ಡಾಕ್ಟರ ಕಡೆ ನೂಕಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಡಾಕ್ಟರ್ ಅಂತ ಹೇಳ್ಲೋ, ನಿಮ್ಮ ಟೀಮಿನಾಂವ ಅಂತ ಹೇಳ್ಲೋ?" ಆಕೆ ಬೆರಳು ತಿರುಗಿಸಿ ನಾಲ್ವರನ್ನೂ ಸುತ್ತಿ ತೋರಿಸಿದಳು. ಅವರು ಹಸಿರು ಕಾರ್ಡು ಇಟ್ಟರು.

ವಕೀಲರು, "ಅಕ್ಕಾರ, ಅಪೀಲಿಗೆ ಸ್ವಲ್ಪ ಟೈಮ್ ಕೊಡ್ರಿ" ಎಂದು ನಗಿಸಲು ನೋಡಿದರು. ಆಕೆ ನಕ್ಕಳು, ಸದ್ದಿಲ್ಲದ ನಗು, ಕರ್ಚೀಫಿನ ಕೆಳಗೆ ಉಸಿರು ಸುಯ್ ಅಂದಿತು. ಅವರೂ ಹಸಿರು ಇಟ್ಟರು.

ಡಬ್ಬಿ ನನ್ನ ಮುಂದೆ ಬಂತು. ಜೀವಮಾನವಿಡೀ ಪಾಸ್ ಹೇಳಿದವಳು ನಾನು, ಆ ಒಂದು ದಿನ ನನ್ನಿಂದ ಆಗಲಿಲ್ಲ.

"ವಲ್ನರೆಬಲ್ ಗೇಮ್ ಐತಿ ಸರೋಜಕ್ಕಾ" ಎಂದೆ. "ಅರ್ಧಾ ಚಾನ್ಸ್ ಯಾಕ ಬೇಕು, ಇದ್ದಷ್ಟು ಸಾಕು ಅಂತ ಹೇಳಿದಾಕಿ ನೀನ. ಈಗ ಥ್ರೀಗೆ ನಿಂತ್ರ ಹ್ಯಾಂಗ?"

ಆಕೆ ಪಾಟಿಯನ್ನು ಸೆರಗಿನಿಂದ ಒರೆಸಿ ಬರೆದಳು: ಆ ಕೋಣಿ ಎಲ್ಲೈತಿ?

ಟೀಮ್ ಆಟದ ಶೌರ್ಯಕ್ಕೆಲ್ಲ ಆಧಾರ ಆ ಇನ್ನೊಂದು ಕೋಣೆ. ಇಲ್ಲಿ ಬಿದ್ದರೆ ಅಲ್ಲಿ ಎತ್ತುವವರಿದ್ದಾರೆ. ಈ ಎಲೆಯಲ್ಲಿ ಹೋದದ್ದನ್ನು ಮುಂದಿನ ಎಲೆಯಲ್ಲಿ ಹಿಡಿಯಬಹುದು. ಕಡಿಮೆ ಸಂಭವದ ಮೇಲೆ ಜೂಜಾಡುವುದು ಜಾಣತನವಾಗುವುದು ಎಲೆಗಳು ಮತ್ತೆ ಮತ್ತೆ ಬರುವುದರಿಂದ. ಒಂದೇ ಒಂದು ಸಲ ಹಂಚುವ ಎಲೆಗೆ, ಹೋಲಿಸಿ ನೋಡಲು ಬೇರೆ ಕೋಣೆಯೇ ಇಲ್ಲದ ಆಟಕ್ಕೆ, ಯಾವ ಪುಸ್ತಕದಲ್ಲೂ ಸ್ಟ್ರ್ಯಾಟಜಿ ಬರೆದಿಲ್ಲ. ಆಪರೇಶನ್ ಮಾಡಿಸಿಕೊಂಡ ಸರೋಜಕ್ಕ ಆ ಕೋಣೆಯಲ್ಲಿ ಏನಾದಳು ಎಂದು ಬಂದು ಹೇಳುವವರು ಯಾರು?

ಡಬ್ಬಿಯನ್ನು ಹಿಂದಕ್ಕೆ ನೂಕಿದೆ. "ನಂದು ಇನ್ನೂ ಮುಗದಿಲ್ಲ" ಎಂದೆ. ಆಕೆ ಬರೆದಳು: ಕಾಯ್ತೀನಿ. ಜಲ್ದಿ ಹೇಳು.

ಮುಂದಿನ ಭೇಟಿಗಳಲ್ಲಿ ನಾನು ಆಡಿದ್ದು ಆಟವೇ ಅಲ್ಲ. ಒಮ್ಮೆ ಪುಣೆಯ ದೊಡ್ಡ ಆಸ್ಪತ್ರೆಯ ಹೆಸರು ಹೊತ್ತುಕೊಂಡು ಹೋದೆ, ಒಮ್ಮೆ ಬರೀ ರೇಡಿಯೇಶನ್ ಎಂದೆ, ಒಮ್ಮೆ ಸೆಕೆಂಡ್ ಒಪೀನಿಯನ್ ಎಂದೆ. ಪ್ರತಿ ಸಲವೂ ಆಕೆ ತಲೆ ಆಡಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಚೀಲ ಅಲ್ಲೇ ಇತ್ತು. ಆಕೆಯ ನಾದಿನಿಯನ್ನು, ತಮ್ಮನ ಹೆಂಡತಿಯನ್ನು, ಕೇಳಿದೆ. "ನೀವು ಹೂಂ ಅನ್ನೂತನಕಾ ತಗ್ಯಾಕ ಮನಸ್ಸು ಬರವಲ್ದರಿ" ಎಂದಳು. "ನೀವು ಕಲ್ತಾಕಿ, ಹಿಂಗ ತಡಿಯಾಕ ಹತ್ತೀರಿ ಅಂದ್ರ ಏನೋ ಹಾದಿ ಇರ್ಬೇಕು ಅಂತ ಇವರು ದಿನಾ ಆಕಿನ್ನ ಕಾಡಸ್ತಾರ."

ತಡೆಯುವುದೂ ಒಂದು ಮಾತೇ ಎಂದು ಕಾನೂನು ಸುಮ್ಮನೆ ಹೇಳಿಲ್ಲ. ನಾನು ಪಾಸ್ ಅನ್ನದೆ ಕುಳಿತದ್ದರಿಂದ ಆ ಮನೆಯಲ್ಲಿ ಪ್ರತಿದಿನ ಸವಾಲು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆಕೆ ಅದಕ್ಕೆ ದಿನವೂ ಪಾಟಿಯ ಮೇಲೆ ಉತ್ತರ ಬರೆಯಬೇಕಿತ್ತು.

ಆಕೆಯನ್ನು ಕೊನೆಯ ಸಲ ನೋಡಿದ್ದು ಅದೇ ಮಧ್ಯಾಹ್ನ. ನಾದಿನಿಯ ಮಾತು ಕೇಳಿ ಒಳಗೆ ಬಂದು ಮಂಚದ ಪಕ್ಕ ಕುಳಿತೆ. ಆಕೆ ಬಹಳ ಸಣ್ಣಗಾಗಿದ್ದಳು. ಮೈದಾನ ನಡುಗಿಸುತ್ತಿದ್ದ ಹೆಂಗಸು ಕೌದಿಯ ಒಂದು ಮಡಿಕೆಯಲ್ಲಿ ಹಿಡಿಸುವಷ್ಟು. ನಾನು ದಿಂಬಿನ ಕೆಳಗೆ ಕೈಹಾಕಿ ಡಬ್ಬಿ ತೆಗೆದೆ. ಹಸಿರು ಕಾರ್ಡು ತೆಗೆದು ಕೌದಿಯ ಮೇಲೆ ಇಟ್ಟೆ. ಸದ್ದೇ ಆಗಲಿಲ್ಲ.

ಆಕೆ ಕಾರ್ಡನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಪಾಟಿ ಬೇಕು ಎಂದು ಬೆರಳಾಡಿಸಿದಳು. ಬರೆಯಲು ಬಹಳ ಹೊತ್ತು ಹಿಡಿಯಿತು.

ಎಷ್ಟನೇ ನಮೂನಿ?

"ಐದನೇದು" ಎಂದೆ.

ಕರ್ಚೀಫಿನ ಕೆಳಗೆ ಉಸಿರು ಸುಯ್ ಎಂದಿತು, ನಕ್ಕಳು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದಳು. ನಾನು ಎದ್ದು ಚೀಲವನ್ನು ಒಳಗಿನ ಕೋಣೆಗೆ ಒಯ್ದು, ಎರಡೂ ಸೀರೆ ತೆಗೆದು, ಗೂಟಕ್ಕೆ ಹಾಕಿ ಬಂದೆ. ಅಷ್ಟರಲ್ಲಿ ಆಕೆ ಹಸಿರು ಕಾರ್ಡನ್ನು ಡಬ್ಬಿಯ ಸಾಲಿನಲ್ಲಿ ಅದರ ಜಾಗಕ್ಕೆ ಸೇರಿಸಿ, ಕಣ್ಣು ಮುಚ್ಚಿ ನಿದ್ದೆ ಹೋಗಿದ್ದಳು.