ಭೋಂಗಾದೊಳಗೆ ಒಬ್ಬ ತಂದೆಯ ದನಿ

ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ನಾನೇ ತಡವರಿಸುತ್ತೇನೆ. ಸಾಲಿಯಲ್ಲಿ ಹೆಡ್‌ಮಾಸ್ತರರ ದನಿ ತೆಗೆದು ಅವರ ಕೈಯಿಂದಲೇ ಏಟು ತಿಂದೆ. ಮನೆಯಲ್ಲಿ ಸೋದರತ್ತೆಯ ದನಿ ತೆಗೆದು ಊಟ ಕಳೆದುಕೊಂಡೆ. ಎರಡು ಸಲ ಮೆಟ್ರಿಕ್ ನಪಾಸಾದ ನನಗೆ ಇಳಕಲ್ಲಿಗೆ ಬಂದ, ಊರೂರು ತಿರುಗುವ ಟೆಂಟ್ ಸಿನೆಮಾದಲ್ಲಿ ಕೆಲಸ ಸಿಕ್ಕಿದ್ದು ಈ ದುರ್ಗುಣದಿಂದಲೇ. ಟಾಂಗಾದಲ್ಲಿ ಕುಳಿತು, ತಗಡಿನ ಭೋಂಗಾ ಬಾಯಿಗಿಟ್ಟುಕೊಂಡು, ಓಣಿ ಓಣಿ ತಿರುಗಿ ಜನರನ್ನು ಕರೆಯಬೇಕು.

ಆ ವಾರ ಬಂದದ್ದು ಮನೆ ಬಿಟ್ಟು ಓಡಿದ ಹುಡುಗಿಯ ಚಿತ್ರ. ಕತೆ ಬರೀ ನೆವ. ಒಳಗೆ ಇದ್ದದ್ದು ಎರಡು ಕುಣಿತ, ಚಾಬೂಕಿನ ಏಟು, ಕೊನೆಗೊಂದು ಬುದ್ಧಿಮಾತು. ನಮ್ಮ ಮ್ಯಾನೇಜರರಿಗೆ ಇಂಥ ಚಿತ್ರಗಳ ಶಾಸ್ತ್ರ ಬಾಯಿಪಾಠ.

“ಪಡದೆ ಮ್ಯಾಲೆ ಏನರೆ ಇರ್ಲಿ, ಜನರ ಅಂಜಿಕಿ, ಆಸೆ ಹಿಡದು ಜಗ್ಗಲೇ. ಕಡೀಕ ನೀತಿ ಹೇಳಿಬಿಟ್ರ ನಮ್ಮ ಪಾಪ ಪರಿಹಾರ!”

‘ಅಂಜುಬುರುಕರು ಬರಬೇಡಿ, ಹೆತ್ತವರು ತಪ್ಪಿಸಬೇಡಿ’ ಎಂದು ಬೋರ್ಡು ಬರೆದವನು ನಾನೇ. ಈಗ ಬಾಗಲಕೋಟೆಯಿಂದ ಬರುವ ವಾರಪತ್ರಿಕೆಯೂ ಕೊಲೆ ಸುದ್ದಿಗೆ ಇದೇ ಧಾಟಿಯ ತಲೆಬರಹ ಕೊಡುತ್ತದೆ. ಓದುವಾಗಲೆಲ್ಲ ಯಾರೋ ನನ್ನ ಭೋಂಗಾ ಕದ್ದಂತೆನಿಸುತ್ತದೆ.

ಎರಡು ದಿನ ಟೆಂಟು ಭಣಭಣ. ಮೂರನೆಯ ದಿನ ನನಗೆ ಕೆಟ್ಟ ಬುದ್ಧಿ ಬಂತು. ನಮ್ಮ ಹಿಂದಿನ ಓಣಿಯ ನೇಕಾರ ಕಾಕಾನ ಮಗಳು, ತಂದೆ ಬೈದರೆಂದು ಮನೆ ಬಿಟ್ಟು ಹೋಗಿ ಒಂದು ತಿಂಗಳಾಗಿತ್ತು. ಕಾಕಾನ ಗೊಗ್ಗರು ದನಿ ಊರಿಗೆಲ್ಲ ಪರಿಚಿತ. ಅದೇ ದನಿ ತೆಗೆದೆ, ಕೆಮ್ಮನ್ನೂ ಬಿಡಲಿಲ್ಲ.

“ಎಲ್ಲಿ ಹೋದೀ ನನ್ನ ಮಗಳಽ! ಆಕಿ ಏನಾದಳು? ಖರೆ ಸಂಗತಿ ಟೆಂಟಿನಾಗ ನೋಡ್ರೆಪ್ಪೋ!”

ಕಟ್ಟೆಯ ಮೇಲೆ ಕುಳಿತವರು ಬಿದ್ದು ಬಿದ್ದು ನಕ್ಕರು. ಟೆಂಟು ತುಂಬಿತು.

ಮರುದಿನ ಮೊದಲ ಆಟ ಮುಗಿದು ಎಲ್ಲರೂ ಎದ್ದು ಹೋದರು. ಒಬ್ಬರು ಮಾತ್ರ ಖಾಲಿ ಪಡದೆ ನೋಡುತ್ತ ಕುಳಿತಿದ್ದರು. ಕಾಕಾ! ಹೊಡೆತ ಬೀಳುತ್ತದೆಂದು ನಾನು ಕಂಬದ ಹಿಂದೆ ಸರಿದೆ. ನನ್ನಂಥ ಕಡ್ಡಿಯನ್ನು ಮರೆಮಾಡಲು ಆ ಕಂಬ ಸಾಕಿತ್ತು, ಆದರೂ ಅವರು ಕಂಡರು.

“ತಮ್ಮಾ, ಇಷ್ಟಽ ಏನು ಚಿತ್ರ? ನನ್ನ ಮಗಳ ಸುದ್ದಿ ಬರಲೇ ಇಲ್ಲಲ್ಲ?”

ನನಗೆ ಅರ್ಥವಾಗಲಿಲ್ಲ.

“ಖರೆ ಸಂಗತಿ ಅಂದಿ ನೀ. ಆಕಿ ಎಲ್ಲಿದ್ದಾಳಂತ ನಿಮಗ ಗೊತ್ತೈತಿ ಅನ್ಕೊಂಡೆ.”

ಊರಿನ ಅರ್ಧ ಜನರ ದನಿಗಳು ನನ್ನ ಗಂಟಲಲ್ಲಿದ್ದವು. ಆಗ ಒಂದೂ ಹೊರಡಲಿಲ್ಲ. ಕಡೆಗೆ ಹೇಳಿದೆ, “ಸುಳ್ಳು ಹೇಳೀನ್ರಿ ಕಾಕಾ. ಮಂದಿ ಕೂಡ್ಸಾಕ ನಿಮ್ಮ ದನಿ ತಗದೆ. ತಪ್ಪಾತ್ರಿ.”

ಅವರು ಹೆಗಲ ಮೇಲಿನ ವಸ್ತ್ರ ಝಾಡಿಸಿ ಎದ್ದರು.

“ಕೆಮ್ಮು ಮಾತ್ರ ಬರೋಬ್ಬರಿ ತಗದಿ,” ಎಂದರು. ಆಮೇಲೆ, “ಮುಂದ ಯಾವ ಊರಿಗೆ ಹೊಂಟೀರಿ?”

“ಹುನಗುಂದಕ್ಕರಿ.”

“ಅಲ್ಲೆ ಆಕಿನ್ನ ಕಂಡೇವಿ ಅಂತಾರ. ನನ್ನ ದನಿಯೊಳಗಽ ಒಂದು ಮಾತು ಹೇಳು. ಅಪ್ಪ ಬೈಯಂಗಿಲ್ಲ, ಮನಿಗೆ ಬಾ ಅಂತ. ಆಕಿ ಹೆಸರು ತಗೀಬ್ಯಾಡ. ನಾಕು ಮಂದ್ಯಾಗ ಆಕಿ ತಲಿ ತಗ್ಗಿಸಬಾರದು.”

ಹುನಗುಂದದಲ್ಲಿ ದಾರಿ ಕೂಡುವ ಪ್ರತಿ ಕೂಟಿನಲ್ಲಿ ಟಾಂಗಾ ನಿಲ್ಲಿಸಿ ಆ ಮಾತು ಹೇಳಿದೆ. ಚಿತ್ರದ ಹೆಸರನ್ನೇ ಎತ್ತಲಿಲ್ಲ. “ಲೇ, ಯಾವ ಪಿಚ್ಚರಿಗೆ ಮಂದೀನ ಕರಿಯಾಕತ್ತೀಲೇ?” ಎಂದು ಮ್ಯಾನೇಜರರು ಕೂಗಾಡಿದರು. ಒಂದು ವಾರ ಕಾದೆ. ಯಾವ ಬಾಗಿಲಿನಿಂದಲೂ ಆಕೆ ಹೊರಗೆ ಬರಲಿಲ್ಲ.

ಇಳಕಲ್ಲಿನಲ್ಲಿ ಬಸ್ಸಿಳಿದವನು ನೇರ ಅವರ ಮನೆಗೆ ಹೋದೆ. ಕುಣಿಮಗ್ಗದಲ್ಲಿ ಕುಳಿತಿದ್ದ ಕಾಕಾ ಲಾಳಿ ಕೆಳಗಿಟ್ಟರು.

“ಹ್ಯಾಂಗ ಹೇಳಿದಿ? ಹೇಳು ನೋಡೋಣು.”

ಹೇಳಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹೇಳಿದೆ.

“ಆಕಿ ಕೂಡ ನಾ ಎಂದೂ ಇಷ್ಟು ಮೆತ್ತಗ ಮಾತಾಡಿಲ್ಲ, ತಮ್ಮಾ. ನನ್ನ ದನಿ ಅಂತ ಗುರ್ತು ಹ್ಯಾಂಗ ಹಿಡೀಬೇಕು ಆಕಿ?”

“ಹಂಗಾದ್ರ ಮುಂದ ಬಾಗಲಕೋಟ್ಯಾಗ ಜೋರ್ ಮಾಡ್ಲೇನ್ರಿ?”

ಅವರು ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದರು.

“ಬ್ಯಾಡ. ಬಾಗಲಕೋಟ್ಯಾಗೂ ಹಿಂಗಽ ಹೇಳು. ಆಕಿ ಬರೂದ್ರೊಳಗ ನಾ ಕಲೀತೇನಿ.”