ಏಳನೇ ಇಯತ್ತೆಯ ಕುಸ್ತಿ

ನಾನು ಚಿಕ್ಕವಳಿದ್ದಾಗ ಸಿಡುಬಿನ ಲಸಿಕೆ ಚುಚ್ಚುವವರು ನಮ್ಮ ಜೋರಾಪುರ ಪೇಟೆಗೆ ಬಂದಿದ್ದರು. ಅಜ್ಜಿ ನನ್ನನ್ನೂ ತಂಗಿಯನ್ನೂ ಜೋಳದ ಚೀಲಗಳ ಹಿಂದೆ ಅಡಗಿಸಿದಳು. ಅದೇ ಬೇಸಿಗೆಯಲ್ಲಿ ಸಿಡುಬು ಬಂತು. ತಂಗಿ ಉಳಿಯಲಿಲ್ಲ. ನಾನು ಉಳಿದೆ, ಮುಖದ ತುಂಬ ಕುಳಿ ಹೊತ್ತು.

ಅರವತ್ತರ ದಶಕದ ಸುರುವಿನಲ್ಲಿ ತಿಕೋಟಾದ ಹೆಣ್ಣುಮಕ್ಕಳ ಸಾಲಿಯಲ್ಲಿ ನನಗೆ ನೌಕರಿ ಸಿಕ್ಕಿತು. ದಿನಾ ತಿಕೋಟಾ ಮೇಲೆ ಹೋಗುವ ಅಥಣಿ ಬಸ್ಸು ಹಿಡಿಯಲು ಹೊರಟಾಗ ಅವ್ವ, "ಸೆರಗು ಮುಂದಕ್ಕ ಎಳ್ಕೋ" ಅನ್ನುತ್ತಿದ್ದಳು. ನಾನು ಎಳೆದುಕೊಳ್ಳುತ್ತಿರಲಿಲ್ಲ.

ಸೋಮವಾರ ಲಸಿಕೆಯವರು ಬರುತ್ತಾರೆಂದು ಸುದ್ದಿ ಬಂತು. ಹಿಂದಿನ ಸಲ ದೊಡ್ಡ ಹುಡುಗಿಯರೆಲ್ಲ ಹಿತ್ತಲ ಗೋಡೆ ಹಾರಿ ಓಡಿದ್ದರಂತೆ. "ಓಡೋರು ಓಡ್ಲಿ ಬಿಡ್ರಿ, ನಮಗ್ಯಾಕ ಊರ ಉಸಾಬರಿ" ಅಂದರು ಹೆಡ್‌ಮಾಸ್ತರರು.

ಶನಿವಾರ ಏಳನೇ ಇಯತ್ತೆಯಲ್ಲಿ ಪುಸ್ತಕ ಮುಚ್ಚಿಟ್ಟು, ಯಾಕೆ ಓಡಿದಿರಿ ಎಂದು ಕೇಳಿದೆ.

"ಅದು ಕರುವಿನ ಕೀವಂತ್ರಿ ಅಕ್ಕೋರ" ಅಂದಳು ಒಬ್ಬಳು.

"ತೋಳಿಗೆ ಕಲಿ ಬಿದ್ರ ಗಂಡು ಸಿಗೂದಿಲ್ಲಂತ್ರಿ" ಅಂದಳು ಇನ್ನೊಬ್ಬಳು.

"ಮುಖಕ್ಕ ಬಿದ್ರ?"

ಕುರ್ಚಿಯನ್ನು ಅವರ ಮುಂದಕ್ಕೆ ಎಳೆದು ಕುಳಿತೆ.

"ಬರ್ರಿ. ಮುಟ್ಟಿ ನೋಡ್ರಿ."

ಒಬ್ಬೊಬ್ಬರೇ ಬಂದು ನನ್ನ ಕೆನ್ನೆ ಮುಟ್ಟಿದರು. ಕುರುಬರ ಹುಡುಗಿಯೊಬ್ಬಳು ಬೆರಳು ತೆಗೆಯದೆ, "ಈಗೂ ಬ್ಯಾನಿ ಆಗತೈತೇನ್ರಿ?" ಅಂದಳು. ಇಲ್ಲ ಅಂದೆ.

ಊರಿನ ಗರಡಿ ನೆನಪಾಗಿ ಅವಳನ್ನೇ ಕೇಳಿದೆ: "ಹೊಸಾ ಪೈಲ್ವಾನನ್ನ ಸೀದಾ ಕಣಕ್ಕ ಇಳಸ್ತಾರೇನು?"

"ಇಲ್ರಿ. ಮೊದಲ ಗರಡ್ಯಾಗ ಸಣ್ಣವರ ಜೋಡಿ ಹಿಡಸ್ತಾರ್ರಿ."

"ಚುಚ್ಚೂದೂ ಹಂಗ. ಸಣ್ಣ ಎದುರಾಳಿನ್ನ ಮೈಯಾಗ ಬಿಡ್ತಾರ. ಮೈ ಪಟ್ಟು ಕಲೀತೈತಿ. ನಾಳೆ ದೊಡ್ಡಾಂವ ಬಂದ್ರ ಕೆಡವತೈತಿ."

ಹೇಳಿದರೆ ಸಾಲದು ಅನ್ನಿಸಿತು. ಮಣೆಗಳನ್ನು ಗೋಡೆಗೆ ಸರಿಸಿ, ಹುಡುಗಿಯರ ಪರಕಾರದ ಲಂಗ ಮೇಲೆತ್ತಿ ಕಟ್ಟಿಸಿ, ಒಬ್ಬಳನ್ನು ಸಿಡುಬು, ಒಬ್ಬಳನ್ನು ಮೈ ಮಾಡಿ ಕುಸ್ತಿಯನ್ನೇ ಆಡಿಸಿದೆ. ನಗು ಕೇಳಿ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು.

"ಏನಿದು?"

"ಆರೋಗ್ಯದ ಪಾಠರಿ."

"ಸಿಡುಬು ಅಂದ್ರ ದೇವಿರಿ. ಆಕೀನ್ನ ಎದುರು ಹಾಕ್ಕೋಬ್ಯಾಡ್ರಿ. ಪಾಲಕರು ನನ್ನ ಕೇಳ್ತಾರ."

"ನನ್ನ ಕಡೆ ಕಳಸ್ರಿ. ಆಕೀ ನಮ್ಮ ಮನಿಗೆ ಬಂದು ಹೋಗ್ಯಾಳ. ನನಗ ಹೊಸದಾಗಿ ಹೆದರಿಕಿಲ್ಲ."

ಸೋಮವಾರ ಇಬ್ಬರು ಗೋಡೆ ಹಾರಿದರು. ಉಳಿದವರು ತೋಳೇರಿಸಿ ಸಾಲಾಗಿ ನಿಂತರು, ಕುರುಬರ ಹುಡುಗಿ ಎಲ್ಲರಿಗಿಂತ ಮುಂದೆ.

ಎಂಟನೇ ದಿನ ಅವಳ ತೋಳು ಬಾತು ಜ್ವರ ಬಂತು. ಅವಳಪ್ಪ ಬಡಿಗೆ ಹಿಡಿದೇ ಸಾಲಿಗೆ ಬಂದ. "ನನ್ನ ಮಗಳಿಗೆ ಏನಾರ ಆದ್ರ?" ಅಂದ. ಹಲವರಿಗೆ ಹೀಗೆ ಜ್ವರ ಬಂದು ಇಳಿಯುತ್ತದೆ ಅಂದೆ. ನಂಬಲಿಲ್ಲ. ಹಾಗಾದರೆ ಇಳಿಯುವ ತನಕ ನಿಮ್ಮ ಮನೆಯಲ್ಲೇ ಇರುತ್ತೇನೆ ಎಂದು ಅವನ ಹಿಂದೆಯೇ ನಡೆದೆ. ಎರಡು ದಿನ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆ. ಮೂರನೇ ದಿನ ಮುಂಜಾನೆ ಅವಳು ಎದ್ದು ರೊಟ್ಟಿ ಕೇಳಿದಳು. ಅವಳಪ್ಪ ನನ್ನ ಮುಂದೆ ಹಾಲಿನ ತಂಬಿಗೆ ಇಟ್ಟ. ಆಮೇಲೆ, "ಬಬಲೇಶ್ವರದಾಗ ನಮ್ಮ ತಂಗಿ ಅದಾಳ್ರಿ. ಆಕೀ ಮಕ್ಕಳು ಇನ್ನೂ ಚುಚ್ಚಿಸ್ಕೊಂಡಿಲ್ಲ" ಅಂದ.

ಹೆಡ್‌ಮಾಸ್ತರರು ಮೇಲಿನವರಿಗೆ ದೂರು ಬರೆದಿದ್ದರು. ವರ್ಗದಲ್ಲಿ ಕುಸ್ತಿ ಆಡಿಸಿದ್ದು ನಿಜವೇ ಎಂದು ಕೇಳಿ ಕಾಗದ ಬಂತು. "ನಿಜ. ಮುಂದಿನ ವರ್ಷವೂ ಆಡಿಸುತ್ತೇನೆ" ಎಂದು ಬರೆದು ಸಹಿ ಹಾಕಿದೆ. ಆ ಕಾಗದಕ್ಕೆ ಉತ್ತರ ಬರಲೇ ಇಲ್ಲ.

ಮುಂದೊಂದು ಭಾನುವಾರ ಕುರುಬರ ಹುಡುಗಿಯನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಅವಳ ಸೋದರತ್ತೆಯ ಓಣಿಯ ಹೆಂಗಸರೆಲ್ಲ ಕೂಡಿದ್ದರು. ನನಗೆ ಮಾತಾಡುವ ಅವಕಾಶವೇ ಸಿಗಲಿಲ್ಲ. ಅವಳೇ ಕಟ್ಟೆ ಹತ್ತಿ, ತೋಳೇರಿಸಿ ಚುಚ್ಚಿದ ಕಲೆ ತೋರಿಸಿ, ಸೋದರತ್ತೆಯ ಹಿರಿಮಗಳನ್ನು ಕುಸ್ತಿ ಕಣಕ್ಕೆ ಕರೆದಳು.