ಎಂಟನೇ ಸುತ್ತಿನ ಆ ಚೆಂಡು

ಅಯೋವಾದ ಆ ಪುಟ್ಟ ಬೇಸ್‌ಬಾಲ್ ಮೈದಾನದಲ್ಲಿ ಆಟದ ಅಧಿಕೃತ ದಾಖಲೆ ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ಲೊರೆಟ್ಟಾಳ ಕೆಲಸ. ಆ ಶನಿವಾರ ಮಧ್ಯಾಹ್ನ ಕ್ರೀಡಾ ಸಂವಹನ ಓದುವ ಆರು ಕಾಲೇಜು ಹುಡುಗಿಯರು ಪತ್ರಕರ್ತರ ಕೋಣೆಯಲ್ಲಿ ಅವಳ ಹಿಂದೆ ಕುಳಿತಿದ್ದರು. ಈ ಉದ್ಯೋಗ ಹೇಗಿರುತ್ತದೆಂದು ನೋಡಲು ಬಂದವರು.

ಎಂಟನೇ ಸುತ್ತಿನವರೆಗೂ ತವರು ತಂಡದ ಪರ ಚೆಂಡೆಸೆಯುವ ಪಿಚರ್ ಎದುರಾಳಿಗೆ ಒಂದೂ ಹಿಟ್ ಕೊಟ್ಟಿರಲಿಲ್ಲ. ಆಗ ಬ್ಯಾಟಿನಿಂದ ಸಿಡಿದ ಚೆಂಡೊಂದು ನೆಲ ಸವರಿ ಬಂದು ಅದೇ ತಂಡದ ಫೀಲ್ಡರ್ ರೂಬೆನ್‌ನ ಗ್ಲೌಸನ್ನೇ ಕಿತ್ತೆಸೆದು ಹೋಯಿತು. ಹಿಟ್, ಅಂದರೆ ಬ್ಯಾಟುಗಾರನ ಒಳ್ಳೆಯ ಹೊಡೆತ, ಎಂದು ಬರೆದರೆ ಪಿಚರ್‌ನ ಅಪರೂಪದ ಸಾಧನೆ ಮುರಿಯುತ್ತಿತ್ತು. ಎರರ್, ಅಂದರೆ ಫೀಲ್ಡರ್‌ನ ತಪ್ಪು, ಎಂದು ಬರೆದರೆ ರೂಬೆನ್‌ನ ಹೆಸರಿಗೆ ಮಸಿ.

ತಂಡದ ಪ್ರಚಾರ ಮುಖ್ಯಸ್ಥ ಕ್ರೇಗ್ ಓಡಿ ಬಂದ.

“ಎರರ್ ಅಂತ ಹಾಕ್ಬಿಡಿ ಲೊರೆಟ್ಟಾ. ನಾಳೆ ದೇಶವೆಲ್ಲ ನಮ್ದೇ ಸುದ್ದಿ.”

“ಆ ಚೆಂಡು ನಿನ್ ಕೈಗೆ ಬಂದಿದ್ರೆ ಈಗ ಆಸ್ಪತ್ರೆಲಿರ್ತಿದ್ದೆ, ಕ್ರೇಗ್. ಆ ಹುಡುಗನ ತಪ್ಪೇನಿದೆ ಅದ್ರಲ್ಲಿ?”

“ಅವನನ್ಯಾರು ಕೇಳ್ತಾರೆ!” ಕ್ರೇಗ್ ಹುಡುಗಿಯರತ್ತ ತಿರುಗಿದ. “ನೋಡ್ಕೊಳ್ರಮ್ಮ, ಸಂವಹನ ಅಂದ್ರೆ ಒಳ್ಳೆ ಕಥೆ ಕಟ್ಟೋದು.” ಮತ್ತೆ ಲೊರೆಟ್ಟಾಳತ್ತ ಬಾಗಿ ದನಿ ತಗ್ಗಿಸಿದ. “ಮುಂದಿನ್ ವರ್ಷ ಈ ಕುರ್ಚಿ ಬೇಕೋ, ಬೇಡ್ವೋ?”

ಲೊರೆಟ್ಟಾ ಪೆನ್ಸಿಲ್ ಎತ್ತಿಕೊಂಡಳು. ದಾಖಲೆಯಲ್ಲಿ ಗುರುತು ಹಾಕಿ ಮೈಕಿಗೆ ಬಾಗಿ, “ಹಿಟ್,” ಎಂದಳು. ಫಲಕದಲ್ಲಿ ಹಿಟ್‌ಗಳ ಸೊನ್ನೆ ಒಂದಾಯಿತು. ಮೂರು ಸಾವಿರ ಜನ ಒಟ್ಟಿಗೆ ಛೀ ಎಂದು ಕೂಗಿದರು.

ಹಿಂದೆ ಕುಳಿತ ಹುಡುಗಿಯೊಬ್ಬಳು ಕ್ರೇಗ್‌ನ ‘ಒಳ್ಳೆ ಕಥೆ ಕಟ್ಟೋದು’ ಎಂಬ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಈಗ ಅದನ್ನು ಹೊಡೆದುಹಾಕಲು ಹೊರಟಳು.

“ಅಳಿಸ್ಬೇಡ!” ಲೊರೆಟ್ಟಾ ಗದರಿದಳು. “ಯಾರು ಹೇಳಿದ್ದು ಅಂತ ಪಕ್ಕದಲ್ಲೇ ಹೆಸರೂ ಬರ್ಕೋ.”